ಸರ್ವೋ ಆಕ್ಸಲರೇಷನ್: ಮೋಟಾರ್ ಲೆಕ್ಕ ಹಾಕಿ, ಆದರೆ ಮಿತಿಯನ್ನು ಫ್ರೇಮ್ ನೋಡಿ ಇಡಿ

ನಿಮ್ಮ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೆತ್ತುವ) ಮಷಿನ್‌ನಲ್ಲಿ 400 ವ್ಯಾಟ್ ಸರ್ವೋ ಮೋಟಾರ್, 16 ಮಿಮೀ ದಪ್ಪ, 10 ಮಿಮೀ ಲೀಡ್ (ಸ್ಕ್ರೂ ಒಂದು ಸುತ್ತು ತಿರುಗಿದರೆ ಸಾಗುವ ದೂರ), ಒಂದು ಮೀಟರ್ ಉದ್ದದ ಬಾಲ್‌ಸ್ಕ್ರೂ, ಅದು ಓಡಿಸುವ 30 ಕೆಜಿ ಗ್ಯಾಂಟ್ರಿ (ಕೆತ್ತುವ ಉಪಕರಣ ಹೊತ್ತ ಸೇತುವೆ). ಆಕ್ಸಲರೇಷನ್, ಅಂದರೆ ವೇಗ ಏರುವ ದರ, ಎಷ್ಟು ಇಡಬಹುದು ಅಂತ ಕೇಳಿದ್ದೀರಿ. ಲೆಕ್ಕ ಸುಲಭ. ಆದರೆ ಬಂದ ಉತ್ತರವನ್ನು ಹಾಗೇ ಕಂಟ್ರೋಲರ್‌ಗೆ ತುಂಬಬೇಡಿ. ಮೋಟಾರ್‌ಗೆ ಎಷ್ಟು ಶಕ್ತಿ ಇದೆ ಅಂತ ಮಾತ್ರ ಅದು ಹೇಳುತ್ತದೆ.

ಮೊದಲು ಇನರ್ಷಿಯಾ, ಅಂದರೆ ತಿರುಗಿಸಲು ಎದುರಾಗುವ ಜಡತ್ವ. ಗ್ಯಾಂಟ್ರಿಯದ್ದಕ್ಕೆ ಲೀಡನ್ನು ಸೆಂಟಿಮೀಟರ್‌ನಲ್ಲಿ ತೆಗೆದುಕೊಂಡು 2 ಪೈನಿಂದ ಭಾಗಿಸಿ: 1 ÷ 6.283 = 0.159. ಅದರ ವರ್ಗವನ್ನು 30ರಿಂದ ಗುಣಿಸಿದರೆ 0.76 ಕೆಜಿ ಸೆಂಮೀ². ಸ್ಕ್ರೂ ಸುಮಾರು 1.58 ಕೆಜಿ ತೂಗುತ್ತದೆ. ತೂಕದ ಅರ್ಧವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದರೆ 0.5. ಈ ಗಾತ್ರದ ಮೋಟಾರ್‌ನ ರೋಟರ್‌ಗೆ 0.3, ಕಪ್ಲಿಂಗ್‌ಗೆ 0.1 ಅಂತ ಇಟ್ಟುಕೊಳ್ಳೋಣ. ನಿಮ್ಮ ಮೋಟಾರ್‌ನ ಡೇಟಾಶೀಟ್ ನೋಡಿ ಸರಿ ಮಾಡಿಕೊಳ್ಳಿ. ಒಟ್ಟು 1.66.

ಇಲ್ಲಿ ಒಂದು ವಿಷಯ ಗಮನಿಸಿ. ಒಂದೂವರೆ ಕೆಜಿಯ ಸ್ಕ್ರೂ, 30 ಕೆಜಿ ಗ್ಯಾಂಟ್ರಿಯ ಮೂರನೇ ಎರಡರಷ್ಟು ಭಾರ ಮೋಟಾರ್ ಮೇಲೆ ಹಾಕುತ್ತಿದೆ! ಲೀಡ್ 5 ಮಿಮೀ ಆಗಿದ್ದರೆ ಗ್ಯಾಂಟ್ರಿಯ ಪಾಲು ಬರೀ 0.19, ಸ್ಕ್ರೂ ಅದರ ಎರಡೂವರೆ ಪಟ್ಟು. ಅಂಥ ಮಷಿನ್‌ನಲ್ಲಿ ಗ್ಯಾಂಟ್ರಿ ಹಗುರ ಮಾಡಿದರೆ ಮೋಟಾರ್‌ಗೆ ಅಷ್ಟೇನೂ ಉಳಿತಾಯ ಇಲ್ಲ.

ಇನ್ನು ಟಾರ್ಕ್, ಅಂದರೆ ಮೋಟಾರ್ ತಿರುಗಿಸುವ ಬಲ. 400 ವ್ಯಾಟ್ ಮೋಟಾರ್ 3000 ಆರ್‌ಪಿಎಂಗೆ ರೇಟೆಡ್ ಆಗಿದ್ದರೆ ರೇಟೆಡ್ ಟಾರ್ಕ್ (ನಿರಂತರವಾಗಿ ಕೊಡಬಲ್ಲದ್ದು) 1.27 ನ್ಯೂಟನ್ ಮೀಟರ್. ಪೀಕ್ ಸಾಮಾನ್ಯವಾಗಿ ಅದರ ಮೂರು ಪಟ್ಟು. ದಯವಿಟ್ಟು ಪೀಕ್ ಹಿಡಿದು ಲೆಕ್ಕ ಹಾಕಬೇಡಿ. 3ಡಿ ಕೆತ್ತನೆಯಲ್ಲಿ ಮೋಟಾರ್ ಪೂರ್ತಿ ಹೊತ್ತು ವೇಗ ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಪೀಕ್ ಅಂದರೆ ಕೆಲವೇ ಸೆಕೆಂಡಿನ ಮಾತು, ಅಲ್ವಾ? ಉಜ್ಜಾಟಕ್ಕೆ 0.27 ಬಿಟ್ಟರೆ ಕೈಯಲ್ಲಿ 1 ನ್ಯೂಟನ್ ಮೀಟರ್ ಉಳಿಯಿತು. ಅದನ್ನು 0.000166ರಿಂದ (ಮೇಲಿನ 1.66, ಕೆಜಿ ಮೀ²ನಲ್ಲಿ) ಭಾಗಿಸಿದರೆ ಸುಮಾರು 6000 ರೇಡಿಯನ್/ಸೆ². ಮೇಲಿನ 0.159 ಸೆಂಮೀ, ಅಂದರೆ 1.59 ಮಿಮೀಯಿಂದ ಗುಣಿಸಿ: ಹತ್ತಿರ ಹತ್ತಿರ 9,600 ಮಿಮೀ/ಸೆ².

ಅಂದರೆ ಒಂದು ಜಿ, ಭೂಮಿಯ ಗುರುತ್ವದಷ್ಟು! ಆ ಆಕ್ಸಲರೇಷನ್ನಲ್ಲಿ ಗ್ಯಾಂಟ್ರಿ ದಿಕ್ಕು ಬದಲಿಸಿದಾಗಲೆಲ್ಲ ಫ್ರೇಮ್ ಮೇಲೆ ಸುಮಾರು 290 ನ್ಯೂಟನ್ ಬೀಳುತ್ತದೆ. ಮೋಟಾರ್ ಇದನ್ನು ಆರಾಮಾಗಿ ಮಾಡುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್‌ನ ಫ್ರೇಮ್ ನಡುಗುತ್ತದೆ. ಹವ್ಯಾಸಿ ಮಷಿನ್‌ಗಳಲ್ಲಿ ನಿಜವಾದ ಮಿತಿ ಬರುವುದು ಇಲ್ಲೇ. ಮೇಲಾಗಿ ಜಿಆರ್‌ಬಿಎಲ್‌ನಂಥ (ಹವ್ಯಾಸಿ ಮಷಿನ್‌ಗಳನ್ನು ನಡೆಸುವ ಉಚಿತ ಸಾಫ್ಟ್‌ವೇರ್) ಕಂಟ್ರೋಲರ್ ಆಕ್ಸಲರೇಷನ್ನನ್ನು ಮೆಲ್ಲಗೆ ಏರಿಸುವುದಿಲ್ಲ, ಒಮ್ಮೆಲೇ ಕೊಡುತ್ತದೆ. ಪ್ರತಿ ಸಲವೂ ಫ್ರೇಮ್‌ಗೆ ಸುತ್ತಿಗೆ ಏಟು ಬಿದ್ದ ಹಾಗೆ.

ಹಾಗಾಗಿ ನಾನಾದರೆ 1,500 ಮಿಮೀ/ಸೆ²ನಿಂದ ಶುರು ಮಾಡಿ 500ರಂತೆ ಏರಿಸುತ್ತಾ ಹೋಗುತ್ತೇನೆ. ಜಿಆರ್‌ಬಿಎಲ್‌ನಲ್ಲಿ $120, $121, $122 ಅಂದರೆ ಎಕ್ಸ್, ವೈ, ಝಡ್ ಅಕ್ಷಗಳ ಆಕ್ಸಲರೇಷನ್ ಸೆಟ್ಟಿಂಗ್‌ಗಳು. ಪ್ರತಿ ಹಂತದಲ್ಲೂ ಒಂದು ಚೌಕ ಕೊರೆದು, ಮೂಲೆ ದಾಟಿದ ತಕ್ಷಣದ ಗೋಡೆಯನ್ನು ಓರೆ ಬೆಳಕಿನಲ್ಲಿ ನೋಡಿ. ಮೂಲೆಯ ಹತ್ತಿರ ದಟ್ಟವಾಗಿ ಶುರುವಾಗಿ ದೂರ ಹೋದಂತೆ ಮಾಯವಾಗುವ ಸಣ್ಣ ಅಲೆಗಳು ಕಂಡರೆ ಫ್ರೇಮ್ ಅಲ್ಲಾಡಿದೆ ಎಂದೇ ಅರ್ಥ. ಅಲೆಗಳ ಅಂತರವನ್ನೂ ಅಳೆಯಿರಿ. ಫೀಡ್ (ಕೊರೆಯುವ ವೇಗ) ನಿಮಿಷಕ್ಕೆ 1,500 ಮಿಮೀ ಇದ್ದು ಅಂತರ 1 ಮಿಮೀ ಬಂದರೆ ಕಂಪನ 25 ಹರ್ಟ್ಸ್. ಅಷ್ಟು ಕಡಿಮೆ ಇದ್ದರೆ ಎಲ್ಲೋ ಬೋಲ್ಟ್ ಸಡಿಲ ಇರಬಹುದು, ಇಲ್ಲವೇ ಗ್ಯಾಂಟ್ರಿಯ ಕಾಲು ತೆಳು. ಸುಮ್ನೆ ನಂಬರ್ ಇಳಿಸುವ ಮೊದಲು ಅದನ್ನು ನೋಡಿ.

ಜತೆಗೆ ಡ್ರೈವ್‌ನ ಡಿಸ್‌ಪ್ಲೇಯಲ್ಲಿ ಟಾರ್ಕ್ ಶೇಕಡಾ ಮತ್ತು ಪೊಸಿಷನ್ ಎರರ್ (ಹೇಳಿದ ಜಾಗಕ್ಕೂ ನಿಜವಾಗಿ ಇರುವ ಜಾಗಕ್ಕೂ ವ್ಯತ್ಯಾಸ) ಗಮನಿಸಿ.

ಜಾಸ್ತಿ ಇಟ್ಟು ಸಿಗುವ ಲಾಭವೂ ಎಷ್ಟೆಂದು ನೋಡಿ. ನಿಮಿಷಕ್ಕೆ 15 ಮೀಟರ್ ವೇಗ ಮುಟ್ಟಲು 3,000 ಮಿಮೀ/ಸೆ²ನಲ್ಲಿ 0.083 ಸೆಕೆಂಡ್, 10 ಮಿಮೀ ಓಟ ಸಾಕು. ಅದಕ್ಕಿಂತ ಮೇಲೆ ಹೋಗುವುದು ಪುಟ್ಟ ಪುಟ್ಟ ಚಲನೆಗಳ ಕೆಲಸಕ್ಕಷ್ಟೇ ಉಪಯೋಗ.

ಮೇಲೆ ಕೆಳಗೆ ಚಲಿಸುವ ಝಡ್‌ಗೆ ಬೇರೆ ಲೆಕ್ಕ. 10 ಕೆಜಿ ಸ್ಪಿಂಡಲ್ (ಕೊರೆಯುವ ಮೋಟಾರ್) ಇದೇ ಲೀಡ್‌ನಲ್ಲಿ ಸುಮ್ಮನೆ ನಿಲ್ಲಲೇ 0.16 ನ್ಯೂಟನ್ ಮೀಟರ್ ತಿನ್ನುತ್ತದೆ. ಅದನ್ನು ಕಳೆದು, ಮೇಲೆ ಏರುವಾಗಿನ ಆಕ್ಸಲರೇಷನ್ನನ್ನೇ ಮಿತಿಯಾಗಿ ಇಡಿ. ಪವರ್ ಹೋದಾಗ ಸ್ಪಿಂಡಲ್ ಕೆಳಗೆ ಜಾರದಂತೆ ಬ್ರೇಕ್ ಇರುವ ಮೋಟಾರನ್ನೇ ಅಲ್ಲಿ ಹಾಕಿ.