ಪುರವಂತರ ಖಡ್ಗಕ್ಕೆ ಲೈಸೆನ್ಸ್ ಬೇಕೆ?

ವೀರಭದ್ರನ ಹೆಸರಲ್ಲಿ ಖಡ್ಗ ಹಿಡಿದು ಕುಣಿಯುವ ಕಲಾವಿದರು ಪುರವಂತರು. ಕುಷ್ಟಗಿ ಕಡೆಯ ಅಂಥವರೊಬ್ಬರ ಪತ್ರ ಬಂದಿದೆ. ಸಿಂಧನೂರು ಹತ್ತಿರ ಮದುವೆಯೊಂದರ ಗುಗ್ಗಳಕ್ಕೆ (ವೀರಭದ್ರನ ಪೂಜೆಯ ಮೆರವಣಿಗೆಗೆ) ಮೇಳ ಕಟ್ಟಿಕೊಂಡು ಕ್ರೂಸರ್‌ನಲ್ಲಿ ಹೊರಟಿದ್ದಾಗ ಪೊಲೀಸರು ತಡೆದು, ಸೀಟಿನ ಕೆಳಗಿದ್ದ ಖಡ್ಗಗಳನ್ನು ತೆಗೆದಿಟ್ಟುಕೊಂಡರಂತೆ. ‘ಅಜ್ಜನ ಕಾಲದ ಖಡ್ಗರೀ, ಇದಕ್ಕೂ ಲೈಸೆನ್ಸ್ ಬೇಕೇನ್ರೀ? ಕಟಗಿ ಖಡ್ಗ ಹಿಡಕೊಂಡು ಕುಣೀರಿ ಅಂತಾರ. ಕೊಡವರಿಗೆ ಕೊಟ್ಟಂಗ ನಮಗೂ ವಿನಾಯಿತಿ ಯಾಕಿಲ್ಲ?’ ಎಂದು ಕೇಳಿದ್ದಾರೆ.

ಉತ್ತರ: ಪುರವಂತರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕನ್ನೂ ಖಡ್ಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬಂದೂಕಿಗೆ ದೇಶದಲ್ಲೆಲ್ಲ ಲೈಸೆನ್ಸ್ ಬೇಕು. ಖಡ್ಗ, ಭರ್ಚಿಗಳ ಮಾತು 4ನೇ ಕಲಮಿನದು: ಇಂಥ ಪ್ರದೇಶದಲ್ಲಿ ಇಂಥ ಆಯುಧಕ್ಕೆ ಲೈಸೆನ್ಸ್ ಬೇಕೆಂದು ಅಧಿಸೂಚನೆ ಹೊರಟಿದ್ದರೆ ಮಾತ್ರ. ಅದಿರುವ ಕಡೆ ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 1ರಿಂದ 3 ವರ್ಷ ಜೈಲು. ನಿಮ್ಮ ಜಿಲ್ಲೆಗೆ ಅಂಥ ಅಧಿಸೂಚನೆ ಇದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಆ ಕಾಗದ ಕಿಸೆಯಲ್ಲಿದ್ದರೆ ರಾತ್ರಿ ರಸ್ತೆಯಲ್ಲಿ ವಾದ ಮಾಡುವ ಗೋಜಿರುವುದಿಲ್ಲ.

ಖಡ್ಗ ಮೊಂಡಾಗಿದೆ, ಬದನೆಕಾಯಿಯೂ ಕೊಯ್ಯಲ್ಲ ಎಂದು ಬರೆದಿದ್ದೀರಿ. ಅಷ್ಟಕ್ಕೇ ನಿಶ್ಚಿಂತೆ ಬೇಡ. ಮನೆ, ಹೊಲದ ಕೆಲಸಕ್ಕೆಂದೇ ಮಾಡಿದ ಸಾಮಾನು ಬಿಟ್ಟರೆ, ಆಟಿಕೆಯಾಗಿ ಬಿಟ್ಟು ಬೇರೆ ಯಾವುದಕ್ಕೂ ಬಾರದ, ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುವನ್ನಷ್ಟೇ ಕಾಯ್ದೆ ಹೊರಗಿಟ್ಟಿದೆ. ಮೊಂಡು ಕಬ್ಬಿಣಕ್ಕೆ ಸಾಣೆ ಹಿಡಿಯಬಹುದಲ್ಲ! ಬಳ್ಳಾರಿ ಕಡೆ ಬಯಲಾಟದವರ ಬೇಗಡೆ ಹಚ್ಚಿದ ಕಟ್ಟಿಗೆ ಕತ್ತಿಗೆ ಈ ತಾಪತ್ರಯವಿಲ್ಲ. ಆದರೆ ಅದನ್ನೇ ನೀವೂ ಹಿಡಿಯಿರಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬಯಲಾಟದಲ್ಲಿ ಕತ್ತಿ ವೇಷದ ಸಾಮಾನು. ಪುರವಂತಿಕೆಯಲ್ಲಿ ಖಡ್ಗ ಪೂಜೆಗೊಂಡು ಹೊರಡುತ್ತದೆ. ಸಂಬಾಳದ ವಾದ್ಯ ನಿಂತು, ಏರುದನಿಯಲ್ಲಿ ಹೇಳುವ ಒಡಪು ಮುಗಿದು, ‘ಆಹಾ ರುದ್ರಾ’ ಎಂದು ಅದನ್ನು ಎತ್ತಿದಾಗಲೇ ದಕ್ಷಯಜ್ಞದ ಕಥೆಗೆ ಕಳೆ. ಅಲ್ಲಿ ಕಟ್ಟಿಗೆ ನಡೆಯದು.

ಇನ್ನು ವಿನಾಯಿತಿ. ಕೊಡವರಿಗೆ ಇರುವುದು ಬಂದೂಕಿನದು, ಅದನ್ನೂ 2029ರವರೆಗೆಂದು ಅವಧಿ ಹಾಕಿ ಮುಂದುವರಿಸಿದ್ದಾರೆ. ಸಿಖ್ಖರ ಕಿರ್ಪಾಣದ ಮಾತು ಸಂವಿಧಾನದ 25ನೇ ವಿಧಿಯಲ್ಲೇ ಇದೆ. ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರ್ಕಾರ ಮನಸ್ಸು ಮಾಡಿದರೆ ನಿಮಗೂ ಕೊಡಬಹುದು. ನನ್ನ ಕೇಳಿದರೆ ದಿಲ್ಲಿಗೆ ಮನವಿ ಹೊತ್ತು ತಿರುಗುವುದಕ್ಕಿಂತ, ಕಲಾವಿದರ ಗುರುತಿನ ಚೀಟಿಯಲ್ಲಿ ‘ಪುರವಂತಿಕೆ, ಖಡ್ಗಸಹಿತ’ ಎಂದು ಬರೆಸಲು ಸಂಸ್ಕೃತಿ ಇಲಾಖೆಯನ್ನು ಹಿಡಿಯುವುದು ವಾಸಿ. ಅದು ಲೈಸೆನ್ಸ್ ಆಗದು, ಆದರೆ ತಡೆದ ಪೊಲೀಸಪ್ಪನಿಗೆ ನೀವು ಯಾರೆಂದು ತಿಳಿಯುತ್ತದೆ. ನಿಮ್ಮ ತೊಂದರೆ ಇರುವುದು ಗುಡಿ ಮುಂದಲ್ಲ, ದಾರಿಯಲ್ಲಿ.

ದಾರಿಗೆ ಇಷ್ಟು ಮಾಡಿ. ಖಡ್ಗವನ್ನು ಬಟ್ಟೆ ಸುತ್ತಿ ಕಟ್ಟಿ, ಗೆಜ್ಜೆ, ಸಂಬಾಳದ ಜತೆಗೇ ಇಡಿ. ಸೀಟಿನ ಕೆಳಗೆ ತುರುಕಿದರೆ ಬಚ್ಚಿಟ್ಟಂತೆ ಕಾಣುತ್ತದೆ. ಕರೆಸಿದವರಿಂದ ದಿನ, ಊರು ನಮೂದಿಸಿದ ಪತ್ರ ತರಿಸಿಕೊಳ್ಳಿ. ಆ ಊರಿನ ಠಾಣೆಗೆ ಮೊದಲೇ ತಿಳಿಸಿ. ಮೆರವಣಿಗೆ ಗಲಾಟೆಯೋ ಚುನಾವಣೆಯೋ ಇದ್ದು ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಮಾತ್ರ ಯಾವ ಪತ್ರವೂ ಸಾಲದು, ಆಜ್ಞೆ ಹೊರಡಿಸಿದವರಿಂದಲೇ ಅನುಮತಿ ಬೇಕು. ಈ ಆಜ್ಞೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನದು, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144 ಆಗಿತ್ತು. ಹೆಸರು ಬದಲಾದರೂ ಬಿಗಿ ಅದೇ.

ಈಗ ಠಾಣೆಯಲ್ಲಿರುವ ಖಡ್ಗಗಳ ಮಾತು. ಜಪ್ತಿ ಪಂಚನಾಮೆಯ ನಕಲು ಕೇಳಿ ಪಡೆದು, ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಬಿಡುಗಡೆಯ ಅರ್ಜಿ ಹಾಕಿ. ಹಳೆಯ ಗುಗ್ಗಳದ ಫೋಟೊಗಳಿದ್ದರೆ ಜತೆಗಿಡಿ. ಅರ್ಜಿಯ ಮಾದರಿಯನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.