ಸಂಪಾದಕರ ಉತ್ತರ: ಪಾರಿವಾಳ, ಕನ್ನಡಕ, ಮೂರು ಧರ್ಮದ ಚಿಹ್ನೆ

ಪತ್ರದ ಸಾರ: ಉತ್ತರ ಕರ್ನಾಟಕದ ತಾಲ್ಲೂಕು ಪಟ್ಟಣವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ (ಹೆಸರು, ಊರು ಹಾಕಬೇಡಿ ಎಂದು ಕೋರಿದ್ದಾರೆ). ಓಣಿಯ ಜಗಳ ಬಗೆಹರಿಸುವ, ಹಬ್ಬದ ಮೆರವಣಿಗೆಗಳ ಹೊತ್ತಿಗೆ ರಸ್ತೆಯಲ್ಲಿ ನಿಂತು ಕಾಯುವ ಇಪ್ಪತ್ತೆರಡು ಜನರ ಗುಂಪು ಈಗ ಟ್ರಸ್ಟ್ ಆಗುತ್ತಿದೆ. ಹೆಸರಿನಲ್ಲಿ ‘ಶಾಂತಿ’, ‘ಸೌಹಾರ್ದ’ ಎರಡೂ ಇರಲೇಬೇಕು ಎಂಬುದು ಹಿರಿಯರ ಹಟ. ಕಲಾವಿದರು ಮೂರು ಲಾಂಛನ ಕೊಟ್ಟಿದ್ದಾರೆ: ಆಲಿವ್ ರೆಂಬೆ ಕಚ್ಚಿದ ಪಾರಿವಾಳ, ಗಾಂಧಿ ಕನ್ನಡಕ, ಓಂ-ಚಂದ್ರ-ಶಿಲುಬೆಗಳ ಹೆಣಿಗೆ. ಕೈಯಲ್ಲಿರುವುದು 60,000 ರೂಪಾಯಿ. ಯಾವುದನ್ನು ಆರಿಸೋಣ, ಇದಕ್ಕಾಗಿ ಇಷ್ಟು ಖರ್ಚು ಸರಿಯೇ, ಸೆಪ್ಟೆಂಬರ್ 21ರ ವಿಶ್ವ ಶಾಂತಿ ದಿನದಂದು ಬಿಡುಗಡೆ ಮಾಡಬಹುದೇ ಎಂದು ಕೇಳಿದ್ದಾರೆ.

ನಮಸ್ಕಾರ.

ಮೂರೂ ಬೇಡ. ಇದು ಕಲಾವಿದರ ತಪ್ಪಲ್ಲ. ‘ಶಾಂತಿ ಕಾಣಬೇಕು’ ಎಂದು ನೀವು ಹೇಳಿದ್ದೀರಿ, ಶಾಂತಿ ಎಂದೊಡನೆ ಯಾರಿಗಾದರೂ ಹೊಳೆಯುವುದನ್ನು ಅವರು ಬಿಡಿಸಿದ್ದಾರೆ. ನಿಮಗೆ ಬೇಕಾದದ್ದು ಬೇರೆ. ಮೆರವಣಿಗೆಯ ರಾತ್ರಿ ಒಂಬತ್ತಕ್ಕೆ, ಬೀದಿದೀಪ ಮಂಕಾಗಿರುವ ತಿರುವಿನಲ್ಲಿ, ಗಾಬರಿಯಿಂದ ಶಟರ್ ಎಳೆಯುತ್ತಿರುವ ಅಂಗಡಿಯವನು ನಿಮ್ಮವರನ್ನು ಕಂಡು ‘ಇವರು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ’ ಎಂದು ತಕ್ಷಣ ಗುರುತಿಸಬೇಕು. ಹೆಸರು, ಚಿತ್ರ, ಬಣ್ಣ, ಅಕ್ಷರ ಎಲ್ಲವನ್ನೂ ಆ ಗಳಿಗೆಗೆ ಹಿಡಿದು ನೋಡಿ.

ಧರ್ಮ ಚಿಹ್ನೆಗಳ ಹೆಣಿಗೆಯಿಂದ ಶುರು ಮಾಡೋಣ, ಏಕೆಂದರೆ ಅದು ನಿಮ್ಮವರಲ್ಲಿ ಹೆಚ್ಚಿನವರಿಗೆ ಇಷ್ಟವಾಗಿದೆ ಎಂದು ಬರೆದಿದ್ದೀರಿ. ಮೂರು ಚಿಹ್ನೆ ಹಾಕಿದ ಮರುದಿನವೇ ಇಷ್ಟಲಿಂಗ ಯಾಕಿಲ್ಲ, ಜೈನರ ಹಸ್ತ ಎಲ್ಲಿ, ಬೌದ್ಧರನ್ನು ಬಿಟ್ಟಿರೇಕೆ ಎಂಬ ಪ್ರಶ್ನೆ ಬರುತ್ತದೆ. ಎಲ್ಲವನ್ನೂ ಸೇರಿಸಿದರೆ ನಾಲ್ಕು ಸೆಂಟಿಮೀಟರಿನ ರಬ್ಬರ್ ಸೀಲಿನಲ್ಲಿ ಅದು ಮಸಿಯ ಕಲೆ. ಇನ್ನೊಂದು ತೊಂದರೆ ಕಲಾವಿದರ ಕಂಪ್ಯೂಟರಿನಲ್ಲಿ ಕಾಣದು. ಕರಪತ್ರ ಹಂಚಿದ ಮೇಲೆ ಅದು ನೆಲಕ್ಕೆ ಬೀಳುತ್ತದೆ, ಕಾಲಡಿ ಸಿಗುತ್ತದೆ, ಗಟಾರ ಸೇರುತ್ತದೆ, ಮಿರ್ಚಿ ಕಟ್ಟಿಸಿಕೊಳ್ಳುತ್ತದೆ. ಬಿಗುವಿನ ದಿನಗಳಲ್ಲಿ ಪವಿತ್ರ ಚಿಹ್ನೆಯಿರುವ ಕಾಗದ ಗಟಾರದಲ್ಲಿ ಬಿದ್ದಿರುವ ಒಂದು ಫೋಟೊ ಸಾಕು. ಜಗಳ ಬಿಡಿಸಲು ಹೋದವರ ಕಾಗದವೇ ಜಗಳಕ್ಕೆ ಕಾರಣವಾದೀತು.

ತಟಸ್ಥ ಎಂದುಕೊಂಡ ಚಿಹ್ನೆಯೂ ತಟಸ್ಥವಾಗಿ ಉಳಿಯುವುದಿಲ್ಲ ಎಂಬುದಕ್ಕೆ ರೆಡ್‌ಕ್ರಾಸ್ ಸಾಕ್ಷಿ. 1864ರ ಜಿನೀವಾ ಒಪ್ಪಂದದಲ್ಲಿ ಬಿಳಿಯ ಮೇಲೆ ಕೆಂಪು ಶಿಲುಬೆ ಬಂತು. 1876ರಲ್ಲಿ ಆಟೊಮನ್ ಸಾಮ್ರಾಜ್ಯ ಇದು ತನ್ನ ಸೈನಿಕರ ಮನಸ್ಸಿಗೆ ಒಗ್ಗದು ಎಂದು ಕೆಂಪು ಚಂದ್ರವನ್ನು ಬಳಸತೊಡಗಿತು. ಕೊನೆಗೆ 2005ರಲ್ಲಿ ಯಾವ ಧರ್ಮವನ್ನೂ ನೆನಪಿಸದ ಕೆಂಪು ವಜ್ರಾಕೃತಿಯನ್ನು ಒಪ್ಪಿಕೊಳ್ಳಬೇಕಾಯಿತು. ಅಂದ ಹಾಗೆ, ನಿಮ್ಮ ಪ್ರಥಮ ಚಿಕಿತ್ಸೆಯ ಚೀಲದ ಮೇಲೆ ಕೆಂಪು ಶಿಲುಬೆ ಬರೆಸಬೇಡಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅನುಮತಿಯಿಲ್ಲದ ಬಳಕೆಯನ್ನು ನಿಷೇಧಿಸುತ್ತದೆ.

ಗಾಂಧಿ ಕನ್ನಡಕದ ವಿಷಯ ಬೇಗ ಮುಗಿಯುತ್ತದೆ. 2014ರಿಂದ ಅದು ಸ್ವಚ್ಛ ಭಾರತದ ಗುರುತು. ನಿಮ್ಮೂರಿನವರಿಗೆ ಅದನ್ನು ಕಂಡರೆ ಕಸದ ಗಾಡಿ ನೆನಪಾಗುತ್ತದೆ. ಅಲ್ಲದೆ ಲಾಂಛನ ಮತ್ತು ಹೆಸರುಗಳ 1950ರ ಕಾಯ್ದೆಯ ಪಟ್ಟಿಯಲ್ಲಿ ಮಹಾತ್ಮ ಗಾಂಧಿಯವರ ಹೆಸರು, ಚಿತ್ರ ಎರಡೂ ಇವೆ. ಕೇಂದ್ರದ ಅನುಮತಿ ಇಲ್ಲದೆ ಅವನ್ನು ವೃತ್ತಿ, ವ್ಯಾಪಾರ, ಟ್ರೇಡ್‌ಮಾರ್ಕಿಗೆ ಬಳಸುವಂತಿಲ್ಲ. ಬರೀ ಕನ್ನಡಕ ಅದರಡಿ ಬರುತ್ತದೆಯೇ ಎಂದು ವಾದಿಸಬಹುದು. ಆ ವಾದಕ್ಕೆ ದುಡ್ಡು ನಿಮ್ಮ ಬಳಿ ಇಲ್ಲ. ವಿಶ್ವಸಂಸ್ಥೆಯ ಲಾಂಛನ, ಅಶೋಕ ಚಕ್ರ, ಧರ್ಮಚಕ್ರಗಳೂ ಅದೇ ಪಟ್ಟಿಯಲ್ಲಿವೆ.

ಪಾರಿವಾಳ? 1949ರ ಪ್ಯಾರಿಸ್ ಶಾಂತಿ ಸಮ್ಮೇಳನದ ಪೋಸ್ಟರಿಗೆ ಪಿಕಾಸೊ ಅವರ ಪಾರಿವಾಳ ಬಂದಾಗ ಅದು ಹೊಸದು. ಈಗ ಶಾಲಾ ವಾರ್ಷಿಕೋತ್ಸವದಿಂದ ಸೋಪಿನ ಜಾಹೀರಾತಿನವರೆಗೆ ಎಲ್ಲೆಡೆ ಇದೆ, ಹಾಗಾಗಿ ಯಾರನ್ನೂ ಗುರುತಿಸುವುದಿಲ್ಲ. ನಿಮ್ಮದು ರೆಡಿಮೇಡ್ ಚಿತ್ರಗಳ ತಾಣದಿಂದ ಇಳಿಸಿದ ಹಕ್ಕಿಯೇ ಎಂದು ಕೇಳಿ ನೋಡಿ. ಅಂಥ ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಲು ಆ ತಾಣಗಳ ಪರವಾನಗಿ ಸಾಮಾನ್ಯವಾಗಿ ಬಿಡುವುದಿಲ್ಲ.

ಒಳ್ಳೆಯ ಲಾಂಛನ ಹೇಗಿರುತ್ತದೆ ಎಂದರೆ 1958ಕ್ಕೆ ಹೋಗಬೇಕು. ಆ ವರ್ಷದ ಈಸ್ಟರಿನಲ್ಲಿ ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ನಿಗೆ ನಡೆದ ಅಣ್ವಸ್ತ್ರ ವಿರೋಧಿ ನಡಿಗೆಗಾಗಿ ಜೆರಾಲ್ಡ್ ಹಾಲ್ಟಮ್ ಒಂದು ವೃತ್ತ, ಒಳಗೆ ಮೂರು ಗೆರೆ ಎಳೆದರು. ಬಾವುಟ ಹಿಡಿದು ಸಂಕೇತ ಕಳಿಸುವ ಪದ್ಧತಿಯಲ್ಲಿ ಎನ್ ಮತ್ತು ಡಿ ಅಕ್ಷರಗಳ ಭಂಗಿಗಳನ್ನು ಒಂದರ ಮೇಲೊಂದು ಇಟ್ಟರೆ ಆಗುವ ಆಕಾರ ಅದು. ನ್ಯೂಕ್ಲಿಯರ್ ಡಿಸಾರ್ಮಮೆಂಟಿನ ಮೊದಲಕ್ಷರಗಳು. ಕೋಲಿಗೆ ಅಂಟಿಸಿದ 500 ರಟ್ಟಿನ ಬಿಲ್ಲೆಗಳಲ್ಲಿ ಅರ್ಧ ಬಿಳಿಯ ಮೇಲೆ ಕಪ್ಪು, ಅರ್ಧ ಹಸಿರಿನ ಮೇಲೆ ಬಿಳಿ. ಅರ್ಥ ಗೊತ್ತಿಲ್ಲದವರೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯಬಹುದಿತ್ತು, ಅದೇ ಅದರ ಬಲ. ಅದನ್ನು ಯಾರೂ ಸ್ವಂತದ್ದಾಗಿ ನೋಂದಾಯಿಸಲಿಲ್ಲ, ಆದ್ದರಿಂದ ಲೋಕವೆಲ್ಲ ಹರಡಿತು. ಅದೇ ಕಾರಣಕ್ಕೆ ನಿಮಗೆ ಅದು ಆಗದು. ಚಳವಳಿಗೆ ಎಲ್ಲರದೂ ಆದ ಚಿಹ್ನೆ ಬೇಕು, ರಾತ್ರಿ ರಸ್ತೆಯಲ್ಲಿ ನಿಲ್ಲುವ ಇಪ್ಪತ್ತೆರಡು ಜನರಿಗೆ ಅವರದಷ್ಟೇ ಆದದ್ದು ಬೇಕು. ಕಲಿಯಬೇಕಾದದ್ದು ಗೆರೆಗಳ ಎಣಿಕೆ: ಏಳನೇ ತರಗತಿಯ ಹುಡುಗಿ ಒಮ್ಮೆ ನೋಡಿ ನೆನಪಿನಿಂದ ಬಿಡಿಸುವಷ್ಟು ಸರಳ.

ಇನ್ನು ಹೆಸರು. ಹಿರಿಯರನ್ನು ಒಪ್ಪಿಸುವ ಕೆಲಸ ನಿಮ್ಮದು, ಕಾರಣಗಳನ್ನು ನಾವು ಕೊಡುತ್ತೇವೆ. 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ‘ಸೌಹಾರ್ದ’ ಎಂಬ ಬೋರ್ಡು ಕಂಡರೆ ಜನ ಠೇವಣಿಗೆ ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ‘ಶಾಂತಿ’ ಎಂದರೆ ಕೆಲವರಿಗೆ ಗ್ರಹಶಾಂತಿ. ಉಳಿದವರಿಗೆ ಹಬ್ಬಕ್ಕೆ ಮೊದಲು ಪೊಲೀಸ್ ಠಾಣೆಯಲ್ಲಿ ಸಾಹೇಬರು ಕರೆಯುವ ಶಾಂತಿ ಸಭೆ. ನೀವು ಠಾಣೆಯ ಕಡೆಯವರು ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಓಣಿಯೊಳಗೆ ಯಾರೂ ಬಾಯಿ ಬಿಡುವುದಿಲ್ಲ. ‘ಕಟ್ಟೆ’ ಎಂದಿಡೋಣ ಎಂದು ಯಾರಾದರೂ ಹೇಳಬಹುದು, ಕೇಳಲು ಹಿತ. ಆದರೆ ಅರಳಿಕಟ್ಟೆಯ ಮೇಲೆ ಕೂರಲು ಬಿಡದ ನೆನಪು ಇನ್ನೂ ಇರುವ ಕೇರಿಯಲ್ಲಿ ಅದನ್ನು ಕೇಳಿ ನೋಡಿಯೇ ತೀರ್ಮಾನಿಸಿ. ಉರ್ದುವಿನಲ್ಲಿ ಳ, ಣ ಅಕ್ಷರಗಳಿಲ್ಲ; ಅವುಗಳಿರುವ ಹೆಸರು ಅರ್ಧ ಊರಿನ ಬಾಯಲ್ಲಿ ಬೇರೆಯಾಗುತ್ತದೆ, ಫಲಕದಲ್ಲಿ ಒಂದು ಥರ, ಕರೆಯುವಾಗ ಇನ್ನೊಂದು ಥರ.

ಹೆಸರಿನ ಉದ್ದವನ್ನು ಬೆನ್ನು ಅಳೆದು ನಿಶ್ಚಯಿಸಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ರೂಢಿಯ ಲೆಕ್ಕ. ಐವತ್ತು ಅಡಿಯಿಂದ ಓದಬೇಕಾದರೆ ಐದು ಇಂಚು, ಒತ್ತಕ್ಷರಕ್ಕೆ ಕೆಳಗೆ ಇನ್ನೆರಡು ಇಂಚು. ಜಾಕೆಟ್ಟಿನ ಬೆನ್ನಿನಲ್ಲಿ ಸಿಗುವ ಅಗಲ ಸುಮಾರು ಹದಿನೈದು ಇಂಚು. ಅಲ್ಲಿಗೆ ಮೂರೇ ಅಕ್ಷರ. ಟ್ರಸ್ಟ್ ಡೀಡಿನಲ್ಲಿ ಹೆಸರು ಎಷ್ಟು ಉದ್ದವಾದರೂ ಇರಲಿ, ಶಾಂತಿ-ಸೌಹಾರ್ದ ಎರಡೂ ಅಲ್ಲಿರಲಿ, ಹಿರಿಯರಿಗೂ ಸಮಾಧಾನ. ಬೀದಿಗೆ ಎರಡು-ಮೂರು ಅಕ್ಷರದ ಕರೆಯುವ ಹೆಸರು ಬೇಕು. ದೇಣಿಗೆ ರಸೀದಿ, 80ಜಿ (ದಾನಿಗಳ ತೆರಿಗೆ ರಿಯಾಯಿತಿಯ) ಪ್ರಮಾಣಪತ್ರಗಳಲ್ಲಿ ಮಾತ್ರ ಪ್ಯಾನ್ ಕಾರ್ಡಿನಲ್ಲಿರುವ ಹೆಸರೇ ಅಕ್ಷರಶಃ ಇರಬೇಕು.

ಬಣ್ಣದಲ್ಲಿ ಸೋತವರೇ ಹೆಚ್ಚು. ಕೇಸರಿ, ಹಸಿರು, ನೀಲಿ, ಕೆಂಪು, ಹಳದಿ-ಕೆಂಪು ಜೋಡಿ, ಎಲ್ಲವೂ ನಮ್ಮಲ್ಲಿ ಯಾರದೋ ಶಾಲು. ತ್ರಿವರ್ಣ ಹಾಕಿದರೆ ಸರ್ಕಾರಿ ಇಲಾಖೆ ಎನ್ನುತ್ತಾರೆ. ನಾವು ಹೇಳುವುದು ನೇರಳೆ ಹಣ್ಣಿನ ಬಣ್ಣ, ಜತೆಗೆ ಬ್ಲೀಚ್ ಮಾಡದ ಬಟ್ಟೆಯ ಬಿಳಿ. ಮುದ್ರಣಕ್ಕೆ ಸಯಾನ್ 60, ಮಜೆಂಟಾ 95, ಹಳದಿ 20, ಕಪ್ಪು 20 ಎಂದು ಬರೆದುಕೊಡಿ. ಸಯಾನ್‌ಗಿಂತ ಮಜೆಂಟಾ ಸಾಕಷ್ಟು ಹೆಚ್ಚಿರದಿದ್ದರೆ ನೇರಳೆ ನೀಲಿಯಾಗಿ ಬರಬಹುದು. ಬಿಸಿಲಿಗೆ ಮೊದಲು ಮಂಕಾಗುವುದು ಮಜೆಂಟಾ ಮತ್ತು ಹಳದಿ, ಆದ್ದರಿಂದ ಮುದ್ರಿತ ಬೋರ್ಡು ಕ್ರಮೇಣ ನೀಲಿಗೆ ತಿರುಗಿ ಇನ್ಯಾರದೋ ಆಗಿಬಿಡುತ್ತದೆ. ಕಚೇರಿಯ ಬೋರ್ಡನ್ನು ಎನಾಮಲ್ ಪೇಂಟಿನಲ್ಲಿ ಬರೆಸಿ, ಡಬ್ಬಿಯ ಶೇಡ್ ಸಂಖ್ಯೆ ಗುರುತು ಹಾಕಿಕೊಳ್ಳಿ. ನೇರಳೆ ಜಾಕೆಟ್ ಮಾತ್ರ ಬೇಡ, ರಾತ್ರಿ ಕಪ್ಪಾಗಿ ಕಾಣುತ್ತದೆ. ಮಾಸಲು ಬಿಳಿ ಜಾಕೆಟ್, ನೇರಳೆ ಅಕ್ಷರ, ಎದೆ ಮತ್ತು ಬೆನ್ನಿಗೆ ಎರಡು ಇಂಚಿನ ಹೊಳೆಯುವ ಪಟ್ಟಿ. ಮಿಂಚುವ ಹಸಿರು-ಕಿತ್ತಳೆ ಜಾಕೆಟ್ ಪೊಲೀಸರದು, ಅದರ ಹತ್ತಿರ ಹೋಗಬೇಡಿ.

ಬ್ಯಾನರು ಬಟ್ಟೆಯದೇ ಇರಲಿ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ, ಸುತ್ತ ಎಷ್ಟೇ ತೂಗಾಡುತ್ತಿದ್ದರೂ. ಬಟ್ಟೆಯ ಸ್ಕ್ರೀನ್ ಪ್ರಿಂಟಿಗೆ ಒಂದೇ ಬಣ್ಣ ಅಗ್ಗ, ಬಣ್ಣದ ಛಾಯೆ ಕರಗಿಸುವುದು ಕಷ್ಟ, ತೀರಾ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಆದ್ದರಿಂದ ಲಾಂಛನವನ್ನು ಮೊದಲು ಕಪ್ಪು-ಬಿಳುಪಿನಲ್ಲೇ ಒಪ್ಪಿ, ಬಣ್ಣ ಆಮೇಲೆ.

ಅಕ್ಷರಕ್ಕೆ ಅನೇಕ್ ಕನ್ನಡ, ಬಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ ಫಾಂಟುಗಳಿವೆ. ಮೂರೂ ಮುಕ್ತ ಪರವಾನಗಿಯವು, ದುಡ್ಡಿಲ್ಲ. ತೆಳು-ದಪ್ಪ, ಕಿರಿದು-ಅಗಲ ಎಲ್ಲವೂ ಒಂದರಲ್ಲೇ ಬೇಕಾದರೆ ಅನೇಕ್. ಉರ್ದುವಿಗೆ ನೋಟೊ ನಸ್ತಾಲಿಕ್ ಹಾಕಿ, ಅದು ಓರೆಯಾಗಿ ಇಳಿಯುವ ಬರಹವಾದ್ದರಿಂದ ಸಾಲಿನ ಎತ್ತರ ಹೆಚ್ಚು ಬಿಡಿ; ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಕೂರಿಸಿದರೆ ಆ ಓದುಗರಿಗೆ ಅದೇ ಒಂದು ಮಾತು ಹೇಳಿಬಿಡುತ್ತದೆ. ನಾಮಫಲಕದಲ್ಲಿ ಶೇಕಡ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಎಂಬ, ರಾಜ್ಯದ ಕಾಯ್ದೆಯ 2024ರ ತಿದ್ದುಪಡಿ ಟ್ರಸ್ಟುಗಳಿಗೂ ಅನ್ವಯಿಸುತ್ತದೆ. ಫೋಟೊಶಾಪಿನಲ್ಲಿ ಭಾರತೀಯ ಲಿಪಿಗಳ ‘ವರ್ಲ್ಡ್ ರೆಡಿ’ ಆಯ್ಕೆ ಒತ್ತದಿದ್ದರೆ ಸೌಹಾರ್ದ ಹೋಗಿ ‘ಸೌಹಾರ್‌ದ’ ಆಗುತ್ತದೆ. ಪ್ರೆಸ್ಸಿನವರ ಕೋರೆಲ್‌ಡ್ರಾದಲ್ಲಿ ಹಳೆಯ ನುಡಿ ಫಾಂಟಿಗೆ ತಿರುಗಿಸುವಾಗಲೂ ಒತ್ತುಗಳು ಜಾಗ ಬಿಡುತ್ತವೆ. ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಗೆರೆಗಳು) ಮಾಡಿದ ಪಿಡಿಎಫ್ ಕೊಡಿ, ಟೈಪ್ ಮಾಡಲು ಬಿಡಬೇಡಿ.

ಮೂರು ಹೊಸ ಕರಡು ಬಂದ ಮೇಲೆ ಇಪ್ಪತ್ತು ಜನರಿಗೆ ತೋರಿಸಿ: ಗಣೇಶ ಮಂಡಳಿಯ ಹುಡುಗ, ಮಸೀದಿ ಕಮಿಟಿಯವರು, ಕೇರಿಯ ಯುವಕರು, ಆಟೊ ಸ್ಟ್ಯಾಂಡ್, ಆಶಾ ಕಾರ್ಯಕರ್ತೆ, ತರಕಾರಿ ಮಾರುವವರು, ಒಬ್ಬ ಕಾನ್‌ಸ್ಟೆಬಲ್. ನಿಮ್ಮನ್ನು ನಂಬದವರು ಇವರಲ್ಲಿ ಅರ್ಧದಷ್ಟಾದರೂ ಇರಲಿ. ಐದು ಸೆಕೆಂಡ್ ತೋರಿಸಿ ಮುಚ್ಚಿಡಿ. ‘ಚೆಂದ ಇದೆಯಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಇದು ಯಾರದು ಅನ್ನಿಸುತ್ತದೆ?’ ಎಂದು ಕೇಳಿ. ಆಮೇಲೆ, ‘ನಿಮ್ಮ ಅಂಗಡಿ ಬಾಗಿಲಿಗೆ ಅಂಟಿಸಿಕೊಳ್ಳುತ್ತೀರಾ?’ ಮೂವರು ಒಂದೇ ಪಕ್ಷದ ಅಥವಾ ಧರ್ಮದ ಹೆಸರು ಹೇಳಿದರೆ ಆ ಕರಡು ಹೋಯಿತು, ನಿಮಗೆ ಎಷ್ಟೇ ಇಷ್ಟವಿದ್ದರೂ.

ಕಾಗದಪತ್ರದಲ್ಲಿ ಒಂದು ಕಡೆ ಎಡವುತ್ತಾರೆ. ದುಡ್ಡು ಕೊಟ್ಟು ಬರೆಸಿದ್ದು ತಾನಾಗಿ ನಮ್ಮದಾಗುತ್ತದೆ ಎಂದುಕೊಳ್ಳುವುದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹೊರಗಿನ ಕಲಾವಿದರು ರಚಿಸಿದ ಲಾಂಛನದ ಹಕ್ಕು ಸಾಮಾನ್ಯವಾಗಿ ಅವರದೇ. ಅದನ್ನು ಟ್ರಸ್ಟಿಗೆ ವರ್ಗಾಯಿಸಲು ಅವರ ಸಹಿ ಇರುವ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ, ಎಲ್ಲ ಮಾಧ್ಯಮಗಳಿಗೆ’ ಎಂದು ಒಂದು ಸಾಲು ಹಾಕಿಸಿ, ಕೊನೆಯ ಕಂತು ಕೊಡುವ ದಿನವೇ ಸಹಿ ಪಡೆಯಿರಿ. ಟ್ರೇಡ್‌ಮಾರ್ಕಿಗೆ ಆನ್‌ಲೈನ್ ಶುಲ್ಕ ಟ್ರಸ್ಟಿಗೆ ಒಂದು ವರ್ಗಕ್ಕೆ 9,000 ರೂಪಾಯಿ. ತರಬೇತಿ ಶಿಬಿರಗಳಿಗೆ 41, ಸಮಾಜಸೇವೆಗೆ 45ನೇ ವರ್ಗ. ಸದ್ಯಕ್ಕೆ 45 ಸಾಕು. ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ತಕರಾರಿಗೆ ನಾಲ್ಕು ತಿಂಗಳು, ನೋಂದಣಿಯಾದರೆ ಹತ್ತು ವರ್ಷ.

ಖರ್ಚು ಸರಿಯೇ ಎಂದು ಕೇಳಿದ್ದೀರಿ. ಹೀಗೆ ಹಂಚಿದರೆ ಸರಿ: ಕಲಾವಿದರಿಗೆ 24,000, ಟ್ರೇಡ್‌ಮಾರ್ಕಿಗೆ 9,000, ಜಾಕೆಟ್ ಮತ್ತು ಬಟ್ಟೆ ಬ್ಯಾನರಿಗೆ 12,000, ಬೋರ್ಡಿಗೆ 8,000, ಪರೀಕ್ಷೆಯ ಮುದ್ರಣಕ್ಕೆ 3,000, ಸೀಲು-ರಸೀದಿ ಪುಸ್ತಕಕ್ಕೆ 4,000. ವಿಡಿಯೊ, ಲಾಂಛನ ಬರೆದ ಚಹಾ ಕಪ್ಪು, ಪೆನ್ನು ಇತ್ಯಾದಿಗೆ ಒಂದು ರೂಪಾಯಿಯೂ ಬೇಡ.

ನೀವು ಕೇಳದೆ ಬಿಟ್ಟ ಒಂದು ವಿಷಯ ವಾಟ್ಸಾಪ್. ಲಾಂಛನ ಜನರ ಕಣ್ಣಿಗೆ ಪರಿಚಯವಾದ ದಿನದಿಂದಲೇ ಅದನ್ನು ಅಂಟಿಸಿದ ಸುಳ್ಳು ಪ್ರಕಟಣೆಯೂ ಹುಟ್ಟಬಹುದು. ನಿಮ್ಮ ಪ್ರತಿ ಪ್ರಕಟಣೆಗೂ ಕ್ರಮಸಂಖ್ಯೆ, ತಾರೀಖು, ಗಂಟೆ-ನಿಮಿಷ, ಖುದ್ದು ಹೋಗಿ ನೋಡಿದವರ ಹೆಸರು ಇರಲಿ. ಇಂದಿನ ಕೊನೆಯ ಸಂಖ್ಯೆ ಎಷ್ಟು ಎಂಬುದು ಕಚೇರಿಯ ಕರಿಹಲಗೆಯ ಮೇಲೂ ಇರಲಿ. 14 ಎಂದು ಬರೆದಿರುವಾಗ 17ನೇ ಸಂಖ್ಯೆಯ ಪ್ರಕಟಣೆ ಓಡಾಡಿದರೆ ಸುಳ್ಳು ಎಂದು ಹೇಳಲು ವಾದ ಬೇಕಿಲ್ಲ.

ಸೆಪ್ಟೆಂಬರ್ 21 ನಮಗೆ ಒಪ್ಪಿಗೆಯಿಲ್ಲ. ವಿಶ್ವಸಂಸ್ಥೆಯ ಪಂಚಾಂಗಕ್ಕೆ ಅದು ಸರಿ, ನಿಮ್ಮೂರಿನ ಪಂಚಾಂಗಕ್ಕೆ ಅದು ಹಲವು ವರ್ಷ ಗಣೇಶನ ಆಸುಪಾಸು. 2023ರಲ್ಲಂತೂ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ರಂದೇ ಬಂದವು. ನಿಮ್ಮ ಜನ ಆಗ ರಸ್ತೆಯಲ್ಲಿರಬೇಕು, ವೇದಿಕೆಯ ಮೇಲಲ್ಲ. ಜುಲೈ ಕೊನೆಯೊಳಗೆ ಜಾಕೆಟ್ ಹೊಲಿಸಿ. ಆಗಸ್ಟ್ ಪೂರ್ತಿ ಸಂತೆಯ ದಿನಗಳಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಇಬ್ಬಿಬ್ಬರು ಅದನ್ನು ತೊಟ್ಟು ಸುಮ್ಮನೆ ಓಡಾಡಲಿ, ಟ್ರಾಫಿಕ್ ಬಿಡಿಸಲಿ, ಅಜ್ಜಿಯರನ್ನು ರಸ್ತೆ ದಾಟಿಸಲಿ. ರಿಬ್ಬನ್ ಕತ್ತರಿಸಲು ಶಾಸಕರನ್ನು ಕರೆಯಬೇಡಿ. ಕರೆದರೆ ಆ ಫೋಟೊದಲ್ಲಿ ನಿಮ್ಮ ಲಾಂಛನದ ಪಕ್ಕ ಅವರ ಶಾಲಿನ ಬಣ್ಣವೂ ಇರುತ್ತದೆ.

– ಸಂ.