ಹಳೇ ಮೈದಾನಕ್ಕೆ ಹೊಸ ಸೂರಾ, ಇಲ್ಲಾ ಹೊಸ ಜಾಗವಾ?

ಇಂಗ್ಲೆಂಡಿನ ಎವರ್ಟನ್ ಫುಟ್‌ಬಾಲ್ ಕ್ಲಬ್ ತನ್ನ 133 ವರ್ಷದ ಮೈದಾನ ಬಿಟ್ಟು ಹೊಸ ಜಾಗಕ್ಕೆ ಹೋಯಿತು, ಅಭಿಮಾನಿಗಳಿಗೆ ಅದು ದೊಡ್ಡ ದುಃಖ ಅಂತ ಹಿಂದೊಮ್ಮೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಕೊಡಗಿನಿಂದಲೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಕಿ ಜಿಲ್ಲೆ ಅಂತ ಹೊರಗಿನವರು ಹೇಳುತ್ತಾರೆ. ಸುಂಟಿಕೊಪ್ಪ, ಸಿದ್ದಾಪುರದ ಕಡೆ ಫುಟ್‌ಬಾಲ್ ಹುಚ್ಚು ಎಷ್ಟಿದೆ ಅನ್ನೋದು ಅವರಿಗೇನು ಗೊತ್ತು! ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಸಾರ್, ನಾನು ಇಪ್ಪತ್ತು ವರ್ಷದಿಂದ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ನಮ್ಮ ಬಾವ ಲಿವರ್‌ಪೂಲ್. ಓಲ್ಡ್ ಟ್ರಾಫರ್ಡ್ ಕೆಡವಿ ಪಕ್ಕದಲ್ಲೇ ಒಂದು ಲಕ್ಷ ಸೀಟಿನ ಹೊಸ ಸ್ಟೇಡಿಯಂ ಕಟ್ಟುತ್ತಾರಂತೆ. "ನಾವು ಆನ್‌ಫೀಲ್ಡ್ ಬಿಡದೇ ದೊಡ್ಡದು ಮಾಡಿಕೊಂಡೆವು, ನಿಮ್ಮ ಕೈಲಿ ಆಗಲಿಲ್ಲ" ಅಂತ ಬಾವ ಸಿಕ್ಕಾಗೆಲ್ಲ ಕಿಚಾಯಿಸುತ್ತಾರೆ. ಇರೋದನ್ನೇ ರಿಪೇರಿ ಮಾಡಬಾರದಾ?
— ಓದುಗ, ಸುಂಟಿಕೊಪ್ಪ

ಉತ್ತರ: ಮೊದಲು ಬಾವನ ಲೆಕ್ಕ ಚುಕ್ತಾ ಮಾಡೋಣ. ಲಿವರ್‌ಪೂಲ್‌ನವರು ಆನ್‌ಫೀಲ್ಡ್ ಬಿಡಲ್ಲ ಅಂತ ಮೊದಲಿಂದ ಹಟ ಹಿಡಿದು ಕೂತಿದ್ದವರಲ್ಲ. ಪಕ್ಕದ ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸದು ಕಟ್ಟಬೇಕು ಅಂತ ವರ್ಷಗಟ್ಟಲೆ ಪ್ಲಾನ್ ಹಾಕಿದರು, ದುಡ್ಡು ಹೊಂದಲಿಲ್ಲ, 2012ರಲ್ಲಿ ಕೈಬಿಟ್ಟರು. ಆಮೇಲೆ ಇದ್ದಲ್ಲೇ ಬೆಳೆದರು. 2016ರಲ್ಲಿ ಮೇನ್ ಸ್ಟ್ಯಾಂಡ್ ಎತ್ತರಿಸಿದರು, 2024ರ ಹೊತ್ತಿಗೆ ಆನ್‌ಫೀಲ್ಡ್ ರೋಡ್ ಕಡೆಯದೂ ಮುಗಿಯಿತು, ಈಗ 61 ಸಾವಿರ ಜನ ಕೂರುತ್ತಾರೆ. ಚೆನ್ನಾಗೇ ಮಾಡಿದರು, ಇಲ್ಲ ಅನ್ನಲ್ಲ. ಆದರೆ ಅಷ್ಟು ಜಾಗ ಆಗಬೇಕಾದರೆ ಹಿಂದಿನ ಬೀದಿಯ ಮನೆಗಳು ಹೋಗಬೇಕಾಯಿತು. ಎಷ್ಟೋ ವರ್ಷ ಕಿಟಕಿಗೆ ಹಲಗೆ ಬಡಿದ ಖಾಲಿ ಮನೆಗಳ ಮಧ್ಯೆ ಅಕ್ಕಪಕ್ಕದವರು ಬದುಕಿದರು. ಇದ್ದಲ್ಲೇ ಇರೋದಕ್ಕೂ ಯಾರೋ ಒಬ್ಬರು ಬೆಲೆ ತೆರುತ್ತಾರೆ, ಬಾವನಿಗೆ ಹೇಳಿ.

ಈಗ ನಿಮ್ಮ ವಿಷಯ. ಓಲ್ಡ್ ಟ್ರಾಫರ್ಡ್ 1910ರದು. 1941ರಲ್ಲಿ ಜರ್ಮನ್ನರ ಬಾಂಬು ಬಿದ್ದು ಹಾಳಾಯಿತು, 1949ರವರೆಗೆ ಯುನೈಟೆಡ್ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ತಂಡದ ಮೈದಾನದಲ್ಲೇ ಆಡಬೇಕಾಯಿತು, ಆಮೇಲೆ ಮತ್ತೆ ಕಟ್ಟಿಕೊಂಡು ಬಂದರು. ಅಂದ ಮೇಲೆ ನೀವು ಟಿವಿಯಲ್ಲಿ ನೋಡುವ ಗ್ಯಾಲರಿಗಳು 1910ರವಲ್ಲ. ಹಳೆಯದು ಅಂತ ನಾವು ಅಳುವುದರಲ್ಲಿ ಎಷ್ಟು ನಿಜಕ್ಕೂ ಹಳೆಯದು, ಅದನ್ನೊಮ್ಮೆ ನೋಡಬೇಕು ಅಲ್ವಾ?

ರಿಪೇರಿ ಯಾಕಾಗಲ್ಲ ಅಂದರೆ, ಒಂದು ರೈಲು ಹಳಿ. ದಕ್ಷಿಣದ ಗ್ಯಾಲರಿ ಬೆನ್ನಿಗೇ ಹಳಿ ಇದೆ, ಅದರಾಚೆ ಮನೆಗಳು. ಉಳಿದ ಮೂರು ಕಡೆ ಎತ್ತರಕ್ಕೆ ಬೆಳೆದರೂ ಈ ಒಂದು ಕಡೆ ಮಾತ್ರ ಕುಳ್ಳಗೇ ಉಳಿದಿರೋದು ಅದಕ್ಕೇ. ಇನ್ನೊಂದು ಸೋರುವ ಸೂರು. 2024ರ ಮೇ ತಿಂಗಳಲ್ಲಿ ಆರ್ಸೆನಲ್ ಮ್ಯಾಚ್ ದಿನ ಒಂದು ಜೋರು ಮಳೆಗೆ ಛಾವಣಿಯಿಂದ ಜಲಪಾತದ ಹಾಗೆ ನೀರು ಸುರಿಯಿತು, ನೀವೂ ನೋಡಿರ್ತೀರಿ. (ಮ್ಯಾಂಚೆಸ್ಟರ್ ಮಳೆ ಅಂತ ಅಷ್ಟು ಹೇಳುತ್ತಾರಲ್ಲ, ನಮ್ಮ ಭಾಗಮಂಡಲದ ಜುಲೈ ಒಂದು ವಾರ ಅಲ್ಲಿಗೆ ಕಳಿಸಿದರೆ ಸ್ಟೇಡಿಯಂ ಏನು, ಊರೇ ತೇಲುತ್ತೆ.) ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಇದ್ದಲ್ಲೇ ಕಟ್ಟಬೇಕಾದರೆ ಒಂದೊಂದೇ ಗ್ಯಾಲರಿ ಮುಚ್ಚಬೇಕು, 74 ಸಾವಿರ ಸೀಟಿನಲ್ಲಿ ಒಂದು ಪಾಲು ವರ್ಷಗಟ್ಟಲೆ ಹೋಗುತ್ತೆ. ಇಲ್ಲಾಂದ್ರೆ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ ಹಾಗೆ ಬೇರೆಯವರ ಮನೆಯಲ್ಲಿರಬೇಕು. ಅವರು 2017ರಲ್ಲಿ ತಮ್ಮ ವೈಟ್ ಹಾರ್ಟ್ ಲೇನ್ ಮೈದಾನ ಕೆಡವಿ ಅದೇ ಜಾಗದಲ್ಲಿ ಕಟ್ಟಲು ಹೋದರು. ಒಂದು ವರ್ಷ ವೆಂಬ್ಲಿಯಲ್ಲಿ ಆಡಿ ಬರ್ತೀವಿ ಅಂದವರು ಎರಡನೇ ವರ್ಷವೂ ಹೆಚ್ಚುಕಡಿಮೆ ಅಲ್ಲೇ ಕಳೆದು 2019ರ ಏಪ್ರಿಲ್‌ನಲ್ಲಿ ಮನೆಗೆ ಬಂದರು. ಮನೆ ಕಟ್ಟಿಸಿದವರಿಗೆ ಇದೆಲ್ಲ ಹೊಸತಲ್ಲ ಬಿಡಿ, ಕಂಟ್ರಾಕ್ಟರು ಹೇಳಿದ ತಿಂಗಳಿಗೆ ಗೃಹಪ್ರವೇಶ ಎಲ್ಲಿ ಆಗಿದೆ!

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಪಕ್ಕದಲ್ಲಿ ಕಟ್ಟಲಿ. ಹಳೆಯದರಲ್ಲಿ ಆಡುತ್ತಾ ಪಕ್ಕದಲ್ಲಿ ಹೊಸದು ಎಬ್ಬಿಸಬಹುದು. ಅದೇ ಟ್ರ್ಯಾಮಿನಲ್ಲಿ ಇಳಿದು, ಅದೇ ಬೀದಿಯಲ್ಲಿ ನಡೆದು, ಅದೇ ಅಂಗಡಿಯಲ್ಲಿ ತಿಂದು ಒಳಗೆ ಹೋಗುವ ಹಾಗಿದ್ದರೆ ಅದನ್ನು ಊರು ಬಿಡೋದು ಅನ್ನಲ್ಲ. ಸ್ಪೇನಿನ ಬಿಲ್ಬಾವೊದಲ್ಲಿ ಅಥ್ಲೆಟಿಕ್ ಕ್ಲಬ್ 2013ರಲ್ಲಿ ಇದನ್ನೇ ಮಾಡಿತು. ಹಳೇ ಸಾನ್ ಮಾಮೆಸ್‌ಗೆ ತಾಗಿಕೊಂಡೇ ಹೊಸದು ಕಟ್ಟಿದರು, ಮುಕ್ಕಾಲು ಭಾಗ ಆದ ಕೂಡಲೇ ಆಟ ಶುರು, ಉಳಿದ ಕಾಲು ಭಾಗ ಹಳೆಯದನ್ನು ಕೆಡವಿದ ಜಾಗದಲ್ಲಿ. ಹೆಸರೂ ಅದೇ. ನನಗೆ ತಕರಾರು ಇರೋದು ಲಕ್ಷ ಸೀಟಿನ ಬಗ್ಗೆ ಅಲ್ಲ, ಅದರಲ್ಲಿ ಮಾಮೂಲಿ ಜನ ಕೊಳ್ಳುವ ರೇಟಿನ ಸೀಟು ಎಷ್ಟು ಇರುತ್ತೆ ಅನ್ನೋದರ ಬಗ್ಗೆ. ಹೊಸ ಸ್ಟೇಡಿಯಂ ಅಂದರೆ ಕ್ಲಬ್ಬಿಗೆ ಮುಖ್ಯವಾಗಿ ಬೇಕಿರೋದು ಊಟ, ಗಾಜಿನ ಕೋಣೆ ಎಲ್ಲ ಇರುವ ದುಬಾರಿ ಸೀಟು. ಕೇಳಬೇಕಾದ ಪ್ರಶ್ನೆ ಅದು.

ಪ್ರಶ್ನೆ: ಹೊಸ ಸ್ಟೇಡಿಯಂಗೆ ಹೋದರೆ ಆಟ ಹಾಳಾಗುತ್ತಾ?
— ಕಾಲೇಜು ವಿದ್ಯಾರ್ಥಿ, ಕುಶಾಲನಗರ

ಉತ್ತರ: ಸಾಲ ಆಟವನ್ನು ಹಾಳು ಮಾಡುತ್ತೆ, ಸ್ಟೇಡಿಯಂ ಅಲ್ಲ. ಆರ್ಸೆನಲ್ 2006ರಲ್ಲಿ 38 ಸಾವಿರ ಸೀಟಿನ ಹೈಬರಿ ಬಿಟ್ಟು ಕೂಗಳತೆ ದೂರದ 60 ಸಾವಿರ ಸೀಟಿನ ಎಮಿರೇಟ್ಸ್‌ಗೆ ಹೋಯಿತು. ಸಾಲ ತೀರಿಸುತ್ತಾ ಒಳ್ಳೊಳ್ಳೆ ಆಟಗಾರರನ್ನು ಕಳೆದುಕೊಂಡರು. 2005ರ ಎಫ್‌ಎ ಕಪ್ ಆದ ಮೇಲೆ ಮುಂದಿನ ದೊಡ್ಡ ಕಪ್ 2014ರಲ್ಲಿ. ಮೇಲಿನ ಸುಂಟಿಕೊಪ್ಪದ ಓದುಗರು ಖುಷಿಪಡಬಹುದು, ಆರ್ಸೆನಲ್‌ನ ಗೋಲುಗಾರ ವಾನ್ ಪರ್ಸಿ ಯುನೈಟೆಡ್‌ಗೆ ಬಂದಿದ್ದು ಆ ಕಾಲದಲ್ಲೇ.

ಜಾಗ ತಪ್ಪಿದರೆ ಮಾತ್ರ ಬೇರೆ ಕಥೆ. ವೆಸ್ಟ್ ಹ್ಯಾಮ್ 2016ರಲ್ಲಿ 112 ವರ್ಷದ ಅಪ್ಟನ್ ಪಾರ್ಕ್ ಬಿಟ್ಟು ಒಲಿಂಪಿಕ್ಸ್‌ಗೆ ಕಟ್ಟಿದ್ದ ಸ್ಟೇಡಿಯಂ ಸೇರಿತು. ಸೀಟು ಜಾಸ್ತಿ, ಬಾಡಿಗೆ ಕಡಿಮೆ. ಆದರೆ ಅದು ಓಟದ ಟ್ರ್ಯಾಕ್ ಇರುವ ಸ್ಟೇಡಿಯಂ, ಆಟ ಎಲ್ಲೋ ದೂರದಲ್ಲಿ ನಡೆದ ಹಾಗಿರುತ್ತೆ. 2018ರಲ್ಲಿ ಬರ್ನ್ಲಿ ವಿರುದ್ಧದ ಮ್ಯಾಚ್‌ನಲ್ಲಿ ಜನ ಸಿಟ್ಟಿಗೆದ್ದು ಮೈದಾನಕ್ಕೇ ನುಗ್ಗಿದರು. ಬೆಂಗಳೂರಿನ ಕಂಠೀರವದಲ್ಲಿ ಫುಟ್‌ಬಾಲ್ ನೋಡಿದವರಿಗೆ ಟ್ರ್ಯಾಕ್ ಕಾಟ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಮ್ಮ ಕೊಡವ ಕುಟುಂಬಗಳ ಹಾಕಿ ಪ್ರತಿ ವರ್ಷ ಮೈದಾನ ಬದಲಾಯಿಸುತ್ತೆ. ಯಾರೂ ಅತ್ತಿದ್ದು ನೋಡಿಲ್ಲ. ಇಂಗ್ಲಿಷಿನವರದ್ದು ಏನಿಷ್ಟು ರಗಳೆ?
— ಓದುಗರು, ನಾಪೋಕ್ಲು

ಉತ್ತರ: ಎಲ್ಲ ಪತ್ರಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದು, ಎರಡು ದಿನ ಯೋಚನೆ ಮಾಡಿಸಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬ. 2024ರಲ್ಲಿ ನಿಮ್ಮೂರಲ್ಲೇ 360, 2025ರಲ್ಲಿ ಮಡಿಕೇರಿಯಲ್ಲಿ 396. ಪ್ರತಿ ವರ್ಷ ಬೇರೆ ಒಕ್ಕ (ಕುಟುಂಬ) ನಡೆಸುತ್ತೆ, ಕಪ್ಪಿಗೂ ಆ ಒಕ್ಕದ್ದೇ ಹೆಸರು, ಗ್ಯಾಲರಿ ಕಟ್ಟೋದು, ಮುಗಿದ ಮೇಲೆ ಬಿಚ್ಚೋದು. ಮೈದಾನ ಎಲ್ಲೇ ಇರಲಿ, ನಿಮ್ಮ ತಂಡ ಅಂದರೆ ನಿಮ್ಮ ಒಕ್ಕ. ಅದು ಎಲ್ಲೂ ಹೋಗಲ್ಲ, ಊರಲ್ಲಿ ಐನ್‌ಮನೆ (ಒಕ್ಕದ ಮೂಲಮನೆ) ಕೂತಿದೆ.

ಇಂಗ್ಲೆಂಡಿನ ಅಭಿಮಾನಿಗೆ ಆ ಐನ್‌ಮನೆ ಇಲ್ಲ. ಗೋಡೆ, ಮೆಟ್ಟಿಲು, ಅಪ್ಪನ ಜೊತೆ ನಿಂತಿದ್ದ ಕಂಬ, ಅದೇ ಅವನಿಗೆ ಐನ್‌ಮನೆ. ಎವರ್ಟನ್ನಿನ ಗೂಡಿಸನ್ ಪಾರ್ಕ್ ಅಂಚಿನ ಮಣ್ಣಿನಲ್ಲಿ 800ಕ್ಕೂ ಜಾಸ್ತಿ ಅಭಿಮಾನಿಗಳ ಚಿತಾಭಸ್ಮ ಇದೆ. ಜಾಗ ಸಾಲದೆ 2004ರಲ್ಲಿ ಕ್ಲಬ್ಬೇ ಇನ್ನು ಸಾಕು ಅಂತ ನಿಲ್ಲಿಸಿತು. ನೀವು ಹಾಕಿ ಮೈದಾನ ಬದಲಾಯಿಸ್ತೀರಿ ಸರಿ, ಕೈಮಡ (ಹಿರಿಯರ ಗುಡಿ) ಎತ್ತಿಕೊಂಡು ಹೋಗಿ ರಸ್ತೆ ಪಕ್ಕ ಇಡಿ ಅಂದರೆ ಒಪ್ತೀರಾ?

ಪ್ರಶ್ನೆ: 2018ರ ಮಳೆಗೆ ನಮ್ಮ ಮನೆ, ತೋಟ ಎರಡೂ ಹೋಯಿತು. ಈಗ ಪುನರ್ವಸತಿ ಬಡಾವಣೆಯಲ್ಲಿದ್ದೇವೆ. ಒಂದು ಸ್ಟೇಡಿಯಂ ಸ್ಥಳಾಂತರಕ್ಕೆ ಅಷ್ಟು ದೊಡ್ಡ ದುಃಖ ಅಂತ ಬರೆದಿದ್ದಿರಿ. ಸ್ವಲ್ಪ ಜಾಸ್ತಿ ಆಯ್ತು ಅನಿಸಲಿಲ್ವಾ?
— ಓದುಗರು, ಜಂಬೂರು

ಉತ್ತರ: ಅನಿಸಿತು, ನಿಮ್ಮ ಪತ್ರ ಓದಿದ ಮೇಲೆ. ತಪ್ಪು ನನ್ನದೇ. ಮನೆ ಕಳೆದುಕೊಳ್ಳೋದು ಬೇರೆ, ಮ್ಯಾಚ್ ನೋಡುವ ಜಾಗ ಕಳೆದುಕೊಳ್ಳೋದು ಬೇರೆ.

ನೀವು ಪತ್ರದ ಕೊನೆಗೆ ಬರೆದ ಒಂದು ಮಾತು ಮಾತ್ರ ಇಲ್ಲಿ ಹಾಕ್ತೀನಿ: "ಮನೆ ಚೆನ್ನಾಗಿದೆ, ಆದ್ರೆ ಸಂಜೆ ಯಾರ ಮನೆಗೆ ಹೋಗಬೇಕು ಅಂತ ಗೊತ್ತಾಗಲ್ಲ." ಕ್ಲಬ್ ನಡೆಸುವವರು ಇದನ್ನು ಓದಬೇಕು. ಹೊಸ ಸ್ಟೇಡಿಯಂ ಕಟ್ಟುವಾಗ ಸೀಟು ಎಣಿಸುತ್ತಾರೆ, ಪಕ್ಕದ ಸೀಟಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದವರು ಯಾರು ಅಂತ ಕೇಳಲ್ಲ.

ಪ್ರಶ್ನೆ: ನಮ್ಮ ಊರಿನ ಕ್ಲಬ್ಬಿನ ಹಳೇ ಫುಟ್‌ಬಾಲ್ ಮೈದಾನ ಪೇಟೆ ಮಧ್ಯ ಇದೆ. ಅಲ್ಲಿ ಅಂಗಡಿ ಕಾಂಪ್ಲೆಕ್ಸ್ ಕಟ್ಟಿ, ಬಂದ ದುಡ್ಡಲ್ಲಿ ಊರ ಹೊರಗೆ ದೊಡ್ಡ ಮೈದಾನ ಮಾಡೋಣ ಅಂತ ಕೆಲವು ಹಿರಿಯರ ಮಾತು. ಯುವಕರು ಎರಡು ಪಾಲಾಗಿದ್ದೇವೆ. ಏನು ಮಾಡೋದು?
— ಕ್ಲಬ್ ಸದಸ್ಯ, ವಿರಾಜಪೇಟೆ ತಾಲ್ಲೂಕು

ಉತ್ತರ: ಮೀಟಿಂಗ್ ಕರೆಯುವ ಮೊದಲು ಆರ್‌ಟಿಸಿ (ಪಹಣಿ) ತೆಗೆಸಿ. ಸುಮ್ನೆ ಹೇಳ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಮೈದಾನ ಅಂತ ಎಲ್ಲರೂ ಕರೆಯುವ ಜಾಗ ದಾಖಲೆಯಲ್ಲಿ ಪೈಸಾರಿ ಇರಬಹುದು, ಶಾಲೆಯದ್ದಿರಬಹುದು, ಯಾರದೋ ಬಾಣೆಯ (ಗದ್ದೆಗೆ ಸೇರಿದ ಕಾಡುಜಾಗದ) ಮೂಲೆ ಇರಬಹುದು. ಪೈಸಾರಿ ಆದರೆ ಅದು ಸರ್ಕಾರದ್ದು, ಅಂಗಡಿ ಕಟ್ಟೋಕೆ ಕ್ಲಬ್ಬಿಗೆ ಹಕ್ಕೇ ಇಲ್ಲ, ಜಗಳ ಅಲ್ಲಿಗೇ ಮುಗಿಯಿತು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನಗಳನ್ನು ಕಾಪಾಡೋಕೆ 1985ರ ಕಾಯ್ದೆಯೂ ಒಂದಿದೆ. ನಿಮ್ಮ ಮೈದಾನ ಅದರ ಪಟ್ಟಿಯಲ್ಲಿ ಸೇರಿದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ.

ಜಾಗ ಕ್ಲಬ್ಬಿನದ್ದೇ ಅಂತಾದರೆ ಹಿರಿಯರಿಗೆ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನ ಕಥೆ ಹೇಳಿ. 1902ರಿಂದ ಆಡುತ್ತಿದ್ದ ಗೋಲ್ಡ್‌ಸ್ಟೋನ್ ಮೈದಾನವನ್ನು ಕ್ಲಬ್ ನಡೆಸುತ್ತಿದ್ದವರು ಮಾರಿಬಿಟ್ಟರು, ಹೊಸದು ಎಲ್ಲಿ ಅಂತ ಗೊತ್ತಿಲ್ಲದೆ. 1997ರಲ್ಲಿ ಬಿಟ್ಟು ಹೋಗಬೇಕಾಯಿತು, ಅಲ್ಲಿ ಅಂಗಡಿಗಳು ಎದ್ದವು. ತಂಡ ಎರಡು ವರ್ಷ ಗಿಲಿಂಗ್‌ಹ್ಯಾಮ್‌ನಲ್ಲಿ 'ತವರು' ಮ್ಯಾಚ್ ಆಡಿತು. ದೂರ 110 ಕಿಲೋಮೀಟರಿಗೂ ಜಾಸ್ತಿ. ಮಡಿಕೇರಿಯವರು ತವರು ಮ್ಯಾಚಿಗೆ ಮೈಸೂರಿಗೆ ಹೋದ ಹಾಗೆ! ಆಮೇಲೆ ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ ದಿನ ದೂಡಿ, ಸ್ವಂತ ಸ್ಟೇಡಿಯಂ ಸೇರಿದ್ದು 2011ರಲ್ಲಿ. ಹದಿನಾಲ್ಕು ವರ್ಷ. ಹಾಗಾಗಿ ಹೊಸ ಮೈದಾನದಲ್ಲಿ ಒಂದು ಮಳೆಗಾಲ ಕಳೆದು ಒಂದು ಟೂರ್ನಮೆಂಟ್ ಆಗುವವರೆಗೆ ಹಳೆಯದರ ಒಂದು ಕಲ್ಲೂ ಅಲುಗಬಾರದು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮಳೆಗಾಲ ಯಾಕೆ ಅಂದೆ ಅಂದರೆ, ಊರ ಹೊರಗೆ ಸಪಾಟು ಜಾಗ ನಮ್ಮಲ್ಲಿ ಎಲ್ಲಿದೆ? ಇರೋದು ಗದ್ದೆ, ಇಲ್ಲಾಂದ್ರೆ ಇಳಿಜಾರು. ಜೆಸಿಬಿ ತಂದು ಗುಡ್ಡದ ಬರೆ ಕಡಿದು ಮಟ್ಟ ಮಾಡ್ತಾರೆ, ಫೆಬ್ರವರಿಯಲ್ಲಿ ನೋಡೋಕೆ ಚಂದ ಇರುತ್ತೆ, ಜುಲೈಯಲ್ಲಿ ಬರೆ ಕುಸಿದು ಅರ್ಧ ಮೈದಾನ ಮಣ್ಣಾಗಿರುತ್ತೆ. ಗದ್ದೆ ತುಂಬಿಸಿದರೆ ನೀರು ಎಲ್ಲಿ ಹೋಗಬೇಕು? ಆಮೇಲೆ ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಹುಡುಗರು ಊರ ಹೊರಗೆ ಹೋಗಿ ಆಡಿ, ಕತ್ತಲಾದ ಮೇಲೆ ಯಾವ ಬಸ್ಸಲ್ಲಿ ಮನೆಗೆ ಬರ್ತಾರೆ? ಕಾರಿರುವ ಹಿರಿಯರಿಗೆ ಇದು ಹೊಳೆಯಲ್ಲ.

ನನ್ನ ಕೇಳಿದರೆ ಪೇಟೆ ಮೈದಾನ ಬಿಡಬೇಡಿ. ಸುತ್ತ ಸರಿಯಾದ ಚರಂಡಿ, ಒಂದು ಕಡೆ ನಾಲ್ಕು ಮೆಟ್ಟಿಲ ಗ್ಯಾಲರಿ, ಬಟ್ಟೆ ಬದಲಾಯಿಸೋಕೆ ಎರಡು ಕೋಣೆ, ಹೆಣ್ಣುಮಕ್ಕಳಿಗೆ ಶೌಚಾಲಯ. ಅಂಗಡಿ ಬೇಕೇ ಬೇಕು ಅಂದರೆ ಗ್ಯಾಲರಿಯ ಕೆಳಗೆ ರಸ್ತೆಗೆ ಮುಖ ಮಾಡಿ ನಾಲ್ಕು ಮಳಿಗೆ ಕಟ್ಟಿ ಬಾಡಿಗೆಗೆ ಕೊಡಿ. ಬಾಡಿಗೆಯೂ ಬರುತ್ತೆ, ಮೈದಾನವೂ ಉಳಿಯುತ್ತೆ.

ಪ್ರಶ್ನೆ: ಗೂಡಿಸನ್ ಪಾರ್ಕ್ ಈಗ ಏನಾಗಿದೆ? ಕೆಡವಿದರಾ?
— ಎಂಟನೇ ಕ್ಲಾಸ್, ಗೋಣಿಕೊಪ್ಪ

ಉತ್ತರ: ಇಲ್ಲ ಪುಟ್ಟಾ. ಕೆಡವೋದು ಅಂತಲೇ ಇತ್ತು, ಆಮೇಲೆ ಮನಸ್ಸು ಬದಲಾಯಿಸಿದರು. 2025ರ ಮೇ 18ಕ್ಕೆ ಗಂಡಸರ ತಂಡ ಅಲ್ಲಿ ಕೊನೆಯ ಮ್ಯಾಚ್ ಆಡಿ ಸೌತಾಂಪ್ಟನ್ ವಿರುದ್ಧ 2–0 ಗೆದ್ದು, ನದಿ ದಡದ ಹೊಸ ಸ್ಟೇಡಿಯಂಗೆ ಹೋಯಿತು. ಈಗ ಗೂಡಿಸನ್ ಎವರ್ಟನ್ ಮಹಿಳಾ ತಂಡದ ಮನೆ. ಇನ್ನೊಂದು ತಮಾಷೆ ಕೇಳು: ಎವರ್ಟನ್ ಮೊದಲು ಆಡುತ್ತಿದ್ದಿದ್ದು ಆನ್‌ಫೀಲ್ಡ್‌ನಲ್ಲಿ! 1892ರಲ್ಲಿ ಬಾಡಿಗೆ ಜಗಳ ಆಗಿ ಬಿಟ್ಟು ಬಂದರು. ಖಾಲಿಯಾದ ಮೈದಾನಕ್ಕೆ ಒಂದು ತಂಡ ಬೇಕಲ್ಲ ಅಂತ ಅಲ್ಲಿನ ಮಾಲೀಕರು ಹೊಸ ಕ್ಲಬ್ ಕಟ್ಟಿದರು. ಅದೇ ಲಿವರ್‌ಪೂಲ್. ಸುಂಟಿಕೊಪ್ಪದ ಆ ಬಾವನಿಗೆ ಇದನ್ನೂ ಯಾರಾದರೂ ಓದಿ ಹೇಳಿ.